ಚಿನ್ನ ಹೋಯ್ತು, ಬಾಯಿ ಉಳೀತು

"ಈ ಪತ್ರಿಕೆಯಲ್ಲಿ ರ‍್ಯಾಪ್ ಬಗ್ಗೆ ಬರೀತೀರಾ? ಅದು ಅಮೆರಿಕದ ದುಡ್ಡಿನವರ ಕುಣಿತ ಅಲ್ವೇನ್ರಿ?" ಎಂದು ನಮ್ಮ ಹಿರಿಯ ಮೇಷ್ಟ್ರೊಬ್ಬರು ಕೇಳಿದರು. ಕೇಳಿದವರು ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಇವರು ಮೂವತ್ತು ವರ್ಷ ಹಳ್ಳಿ ಶಾಲೆಯಲ್ಲಿ ಪಾಠ ಹೇಳಿದವರು, ರಾತ್ರಿ ಕೇರಿಯಲ್ಲಿ ತಮಟೆ ಹಿಡಿದು ಹಾಡಿದವರು, ಹಾಡಿದ್ದಕ್ಕೆ ಏಟು ತಿಂದವರು. ಅವರಿಗೆ ಉತ್ತರ ಹೇಳದೆ ಮುಂದೆ ಹೋಗುವಂತಿಲ್ಲ. ಇಲ್ಲಿ ಬರೆದಿರುವುದು ಹೆಚ್ಚಾಗಿ ಅವರಿಗೇ.

ಮಾರಿಕುಪ್ಪಂನಿಂದ ಬೆಳಿಗ್ಗೆ ಹೊರಡುವ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವಷ್ಟರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹತ್ತಿದವರಲ್ಲಿ ಬಹುಪಾಲು ಜನ ಬೆಂಗಳೂರಿಗೆ ದುಡಿಯಲು ಹೋಗುವವರು. ಅಂಗಡಿ, ಗಾರ್ಮೆಂಟು, ಸೆಕ್ಯುರಿಟಿ, ಆಸ್ಪತ್ರೆಯ ಕಸಗುಡಿಸುವ ಕೆಲಸ. ಇವರ ಅಪ್ಪಂದಿರು, ತಾತಂದಿರು ಲಿಫ್ಟಿನಲ್ಲಿ ಭೂಮಿಯ ಒಳಕ್ಕೆ ಇಳಿಯುತ್ತಿದ್ದರು. ಇವರು ರೈಲಿನಲ್ಲಿ ಅಡ್ಡಡ್ಡ ಹೋಗುತ್ತಾರೆ. ಅಷ್ಟೇ ವ್ಯತ್ಯಾಸ. ಆ ರೈಲಿನಲ್ಲಿ ಒಂದು ದಿನ ಬಾಗಿಲ ಬಳಿ ನಿಂತಿದ್ದ ಒಬ್ಬ ಹುಡುಗ ಬೋಗಿಯ ತಗಡಿಗೆ ಬೆರಳಿನಿಂದ ತಾಳ ಕುಟ್ಟುತ್ತಿದ್ದ, ಇನ್ನೊಬ್ಬ ಮಾತಾಡುತ್ತಿದ್ದ. ಹಾಡುತ್ತಿರಲಿಲ್ಲ, ಮಾತಾಡುತ್ತಿದ್ದ. ಆದರೆ ಮಾತು ತಾಳದ ಮೇಲೆ ಕೂತಿತ್ತು. ಅರ್ಧ ತಮಿಳು, ಕಾಲು ಕನ್ನಡ, ಉಳಿದದ್ದು ಇಂಗ್ಲಿಷು. ಅಜ್ಜನ ಕೆಮ್ಮು, ಸೈನೈಡ್ ದಿಬ್ಬದ ಧೂಳು, ಮೇಸ್ತ್ರಿ ಕೊಡದ ಕೂಲಿ ಎಲ್ಲವೂ ಅದರಲ್ಲಿ ಬಂದವು. ಪ್ರತಿ ಸಾಲಿನ ಕೊನೆಗೂ ಪ್ರಾಸ. ಸುತ್ತ ನಿಂತಿದ್ದ ಹೆಂಗಸರು ಟಿಫನ್ ಡಬ್ಬಿ ಹಿಡಿದುಕೊಂಡೇ ನಗುತ್ತಿದ್ದರು, ಒಂದು ಕಡೆ ನಗು ನಿಂತೂ ಹೋಯಿತು. ಇದನ್ನು ಅಮೆರಿಕದವರ ಕುಣಿತ ಎಂದು ಕರೆಯಲು ನಮಗೆ ಮನಸ್ಸು ಬರಲಿಲ್ಲ.

ಆದರೂ ಇದು ಅಮೆರಿಕದಿಂದ ಬಂದದ್ದು ನಿಜ. ಎಲ್ಲಿಂದ, ಯಾರ ಕೈಯಿಂದ ಬಂತು ಎಂಬುದನ್ನು ಮೊದಲು ತಿಳಿಯಬೇಕು.

ನ್ಯೂಯಾರ್ಕ್ ನಗರದ ಉತ್ತರಕ್ಕೆ ಬ್ರಾಂಕ್ಸ್ ಎಂಬ ಭಾಗ. ಅದರ ದಕ್ಷಿಣದ ಕೇರಿಗಳಲ್ಲಿ ಕರಿಯರು ಮತ್ತು ಪೋರ್ಟೊರಿಕೊದಿಂದ ಬಂದ ಬಡವರು ವಾಸವಾಗಿದ್ದರು. ರಾಬರ್ಟ್ ಮೋಸೆಸ್ ಎಂಬ ಅಧಿಕಾರಿ ಬ್ರಾಂಕ್ಸ್‌ನ ಹೊಟ್ಟೆ ಸೀಳಿ ದೊಡ್ಡ ಹೆದ್ದಾರಿ ಹಾಕಿಸಿದ. ಸಾವಿರಾರು ಮನೆ ಎದ್ದುಹೋದವು. ಕಾರ್ಖಾನೆಗಳು ಮುಚ್ಚಿದವು, ಇದ್ದವರು ಊರು ಬಿಟ್ಟರು. ಬಾಡಿಗೆ ಗಿಟ್ಟದ ಕಟ್ಟಡಗಳಿಗೆ ಮಾಲೀಕರೇ ಬೆಂಕಿ ಹಚ್ಚಿಸಿ ವಿಮೆ ಹಣ ಎತ್ತಿಕೊಂಡರು. ಶಾಲೆಗಳಲ್ಲಿ ಸಂಗೀತದ ಪಾಠಕ್ಕೆ ಕಾಸಿಲ್ಲ ಎಂದರು. ಹುಡುಗರು ಗುಂಪು ಕಟ್ಟಿಕೊಂಡು ಒಬ್ಬರನ್ನೊಬ್ಬರು ಇರಿದುಕೊಂಡರು. 1971ರ ಡಿಸೆಂಬರಿನಲ್ಲಿ, ಸಂಧಾನಕ್ಕೆ ಹೋದ ಒಬ್ಬ ಯುವಕ ಕೊಲೆಯಾದ ಮೇಲೆ, ಅವನ ಗುಂಪಾದ ಘೆಟ್ಟೊ ಬ್ರದರ್ಸ್ ಸೇಡು ಬೇಡ ಎಂದು ಎಲ್ಲ ಗುಂಪುಗಳನ್ನೂ ಕೂರಿಸಿ ಮಾತಾಡಿಸಿತು. ಆ ಮಾತುಕತೆಯಿಂದ ಒಂದು ಕೇರಿಯ ಹುಡುಗ ಇನ್ನೊಂದು ಕೇರಿಯ ಕುಣಿತಕ್ಕೆ ಹೋಗುವುದು ಸಾಧ್ಯವಾಯಿತು.

1973ರ ಆಗಸ್ಟ್ 11. ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡ. ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆಗೆ ಕಾಸು ಮಾಡಿಕೊಳ್ಳಲು ಕೆಳಗಿನ ಹಾಲಿನಲ್ಲಿ ಒಂದು ಕೂಟ ಇಟ್ಟಳು. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50. ಪ್ಲೇಟು ಹಾಕಿದವನು ಅವಳ ಅಣ್ಣ ಕ್ಲೈವ್. ಜಮೈಕಾದಿಂದ 1967ರಲ್ಲಿ ಬಂದ ಮನೆತನ. ಡಿ.ಜೆ. ಕೂಲ್ ಹರ್ಕ್ ಎಂದು ಅವನನ್ನು ಕರೆಯುತ್ತಾರೆ. ಚರಿತ್ರೆಯಲ್ಲಿ ಅಣ್ಣನ ಹೆಸರು ದೊಡ್ಡದಾಯಿತು. ಕೂಟ ಕರೆದ ತಂಗಿಯ ಹೆಸರು ಈಚೆಗಷ್ಟೇ ಕೇಳಿಬರುತ್ತಿದೆ. ನಮ್ಮ ಚಳವಳಿಗಳಲ್ಲೂ ಅನ್ನ ಬೇಯಿಸಿದವರ ಹೆಸರು ಹೀಗೇ ತಡವಾಗಿ ಬರುತ್ತದೆ.

ಹರ್ಕ್ ಮಾಡಿದ್ದೇನು? ಹಾಡಿನ ನಡುವೆ ಗಾಯಕ ಬಾಯಿ ಮುಚ್ಚಿ, ಬರೀ ಡ್ರಮ್ಮು ಉಳಿಯುವ ಒಂದು ತುಣುಕು ಬರುತ್ತದಲ್ಲ, ಜನ ಹುಚ್ಚೆದ್ದು ಕುಣಿಯುವುದು ಆ ತುಣುಕಿಗೇ ಎಂದು ಅವನು ಕಂಡುಕೊಂಡ. ಅದು ಕೆಲವೇ ಸೆಕೆಂಡಿಗೆ ಮುಗಿದುಹೋಗುತ್ತದೆ. ಒಂದೇ ಹಾಡಿನ ಎರಡು ಪ್ಲೇಟು ಇಟ್ಟುಕೊಂಡು, ಒಂದರಲ್ಲಿ ತುಣುಕು ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದನ್ನೇ ಹಾಕಿ, ಮತ್ತೆ ಮೊದಲನೆಯದಕ್ಕೆ ಬಂದು, ಆ ತುಣುಕನ್ನು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಎಳೆದ. ಅದರ ಮೇಲೆ ಕೋಕ್ ಲಾ ರಾಕ್ ಎಂಬ ಗೆಳೆಯ ಮೈಕು ಹಿಡಿದು ಬಂದವರ ಹೆಸರು ಕರೆದ, ಚುಡಾಯಿಸಿದ, ಹುರಿದುಂಬಿಸಿದ. ಆಮೇಲೆ ಆ ಕರೆಯೇ ಪದ್ಯವಾಯಿತು, ಪದ್ಯ ಕಥೆಯಾಯಿತು. ವಾದ್ಯ ಕೊಳ್ಳಲಾಗದವರು ಉಳ್ಳವರ ಹಾಡಿನೊಳಗಿಂದ ತಮಗೆ ಬೇಕಾದಷ್ಟು ತಾಳವನ್ನು ಕಿತ್ತುಕೊಂಡರು. ಸತ್ತ ದನದ ಚರ್ಮದಿಂದ ತಮಟೆ ಮಾಡಿದ ನಮ್ಮ ಹಿರಿಯರಿಗೆ ಈ ಬುದ್ಧಿ ಅರ್ಥವಾಗುತ್ತಿತ್ತು. ಪಾರ್ಕಿನಲ್ಲಿ ಕೂಟ ನಡೆಸುವಾಗ ಕರೆಂಟು ಬೀದಿ ದೀಪದ ಕಂಬದಿಂದ ಎಳೆಯುತ್ತಿದ್ದರಂತೆ. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ನೂರಾರು ಹಳ್ಳಿಗಳ ತಲೆಯ ಮೇಲೆ ಹಾದು ನೇರ ಚಿನ್ನದ ಗಣಿಗೆ ಬಂತು. ಕೆಳಗಿನ ಗುಡಿಸಲುಗಳಿಗೆ ಒಂದು ಎಳೆಯೂ ಇಳಿಯಲಿಲ್ಲ. ಆಗ ಕಂಬಕ್ಕೆ ಕೈ ಹಾಕುವ ಧೈರ್ಯ ನಮ್ಮವರಿಗೆ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

1973 ಎಂದಾಗ ನಮ್ಮ ಓದುಗರಿಗೆ ಬೇರೊಂದು ನೆನಪು ಬರಬೇಕು. ಅದೇ ವರ್ಷದ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಆ ಒಂದು ಮಾತಿಗೆ ಹಾಸ್ಟೆಲುಗಳಲ್ಲಿ ದಲಿತ ಹುಡುಗರಿಗೆ ಏಟು ಬಿತ್ತು, ಮಂತ್ರಿಯ ಕುರ್ಚಿ ಹೋಯಿತು. ಬ್ರಾಂಕ್ಸ್‌ನವರಿಗೆ ಮೈಸೂರು ಗೊತ್ತಿಲ್ಲ, ಮೈಸೂರಿನವರಿಗೆ ಬ್ರಾಂಕ್ಸ್ ಗೊತ್ತಿರಲಿಲ್ಲ. ಆದರೆ ಎರಡೂ ಕಡೆ ಪ್ರಶ್ನೆ ಒಂದೇ ಆಗಿತ್ತು: ನಮ್ಮ ಬಾಯಿಂದ ಬರುವುದು ಮಾತಾಗುವುದು ಯಾವಾಗ? ಇದಕ್ಕೂ ಒಂದು ವರ್ಷ ಮೊದಲು, 1972ರಲ್ಲಿ, ನಾಮದೇವ ಢಸಾಳ್, ಜೆ.ವಿ. ಪವಾರ್ ಮುಂತಾದವರು ಮುಂಬೈನಲ್ಲಿ ದಲಿತ ಪ್ಯಾಂಥರ್ಸ್ ಕಟ್ಟಿದಾಗ ಹೆಸರನ್ನು ಅಮೆರಿಕದ ಕರಿಯ ಪ್ಯಾಂಥರುಗಳಿಂದಲೇ ತೆಗೆದುಕೊಂಡಿದ್ದರು. ಆಗ ಯಾರೂ ಅದನ್ನು ಪರದೇಶಿ ಫ್ಯಾಷನ್ ಎನ್ನಲಿಲ್ಲ. ಮೇಷ್ಟ್ರೇ, ಅಲ್ಲಿಂದ ಹೆಸರು ತರಬಹುದು, ತಾಳ ತರಬಾರದೇ?

ಆರು ವರ್ಷ ಇದು ಪಾರ್ಕಿನಲ್ಲೂ ನೆಲಮಾಳಿಗೆಯಲ್ಲೂ ಉಳಿಯಿತು. ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್ ಎಂಬವನು ಪ್ಲೇಟಿನ ಮೇಲೆ ಗುರುತು ಹಾಕಿ ತುಣುಕಿಗೆ ತುಣುಕು ತಪ್ಪದಂತೆ ಜೋಡಿಸುವುದನ್ನು ಶಾಸ್ತ್ರವನ್ನಾಗಿ ಮಾಡಿದ. ಥಿಯೊಡೋರ್ ಎಂಬ ಹುಡುಗ ಪ್ಲೇಟನ್ನು ಕೈಯಲ್ಲಿ ಹಿಂದೆ ಮುಂದೆ ಉಜ್ಜಿ ಆ ಕರಕರ ಸದ್ದನ್ನೇ ವಾದ್ಯ ಮಾಡಿದ. ಕುಣಿಯುವವರು ನೆಲದ ಮೇಲೆ ತಲೆ ಕೆಳಗಾಗಿ ತಿರುಗಿದರು, ಬರೆಯುವವರು ರೈಲಿನ ಬೋಗಿಗಳ ಮೇಲೆ ತಮ್ಮ ಹೆಸರು ಬರೆದರು. ಈ ನಾಲ್ಕೂ ಸೇರಿದ್ದಕ್ಕೆ ಹಿಪ್-ಹಾಪ್ ಎನ್ನುತ್ತಾರೆ. ಮೈಕು ಹಿಡಿದು ಪ್ರಾಸದಲ್ಲಿ ಮಾತಾಡುವ ಒಂದು ಭಾಗಕ್ಕೆ ಮಾತ್ರ ರ‍್ಯಾಪ್ ಎಂದು ಹೆಸರು. ನಮ್ಮ ಪತ್ರಿಕೆಗಳು ಎರಡನ್ನೂ ಒಂದೇ ಎಂದು ಬರೆಯುತ್ತವೆ.

1979ರಲ್ಲಿ ದುಡ್ಡು ಬಂತು. ನ್ಯೂಜೆರ್ಸಿಯ ಶುಗರ್‌ಹಿಲ್ ಎಂಬ ಕಂಪನಿ ಮೂವರು ಹುಡುಗರನ್ನು ಹುಡುಕಿ ತಂದು 'ರ‍್ಯಾಪರ್ಸ್ ಡಿಲೈಟ್' ಎಂಬ ಪ್ಲೇಟು ಹೊರಡಿಸಿತು. ಜಗತ್ತು ರ‍್ಯಾಪ್ ಕೇಳಿದ್ದು ಅದರಿಂದಲೇ. ಅದರಲ್ಲಿ ಒಬ್ಬನು ಹೇಳಿದ ಸಾಲುಗಳು ಅವನವಲ್ಲ. ಬ್ರಾಂಕ್ಸ್‌ನ ಗ್ರಾಂಡ್‌ಮಾಸ್ಟರ್ ಕ್ಯಾಜ್ ಬರೆದವು. ಕ್ಯಾಜ್‌ಗೆ ಹೆಸರೂ ಬರಲಿಲ್ಲ, ಕಾಸೂ ಬರಲಿಲ್ಲ. ಈ ಕಲೆಯ ಮೊದಲ ಗೆಲುವಿನಲ್ಲೇ ಮೊದಲ ಕಳವೂ ಇದೆ. ಇದನ್ನು ನೆನಪಿಡಿ, ಮುಂದೆ ನಮ್ಮ ಕಡೆಯ ಹುಡುಗನೊಬ್ಬನ ವಿಷಯದಲ್ಲಿ ಇದೇ ಮಾತು ಬರುತ್ತದೆ. (ಅದೇ 1979ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳ ಮೊದಲ ಸಮ್ಮೇಳನ ನಡೆಯಿತು. ಕಾಕತಾಳೀಯ ಅಂತೀರಾ? ಇರಲಿ.)

1982ರ 'ದಿ ಮೆಸೇಜ್' ಬಂದ ಮೇಲೆ ರ‍್ಯಾಪ್ ಬರೀ ಕೂಟದ ಹಾಡಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು. ಬರೆದವರು ಡ್ಯೂಕ್ ಬೂಟಿ ಮತ್ತು ಮೆಲ್ಲಿ ಮೆಲ್. ಒಡೆದ ಗಾಜು, ಇಲಿ, ಸಾಲಗಾರ, ಜೈಲಿನಲ್ಲಿ ಮುಗಿಯುವ ಹುಡುಗನ ಬದುಕು ಎಲ್ಲ ಅದರಲ್ಲಿ ಇದೆ. ತಾಳ ನಿಧಾನ. ಹೊಸದಾಗಿ ಕೇಳುವವರಿಗೆ ನಾವು ಮೊದಲು ಹಾಕುವುದು ಇದನ್ನೇ. ಇಂಗ್ಲಿಷ್ ಬಾರದ ನಮ್ಮ ತಾಯಂದಿರೂ ಇದನ್ನು ಕೇಳಿ "ಯಾವನೋ ಕಷ್ಟ ಹೇಳ್ಕೋತಾ ಇದಾನೆ" ಎಂದದ್ದನ್ನು ಕಂಡಿದ್ದೇವೆ. 1984ರಲ್ಲಿ ರಾಕ್ಸಾನ್ ಶಾಂಟೆ ಎಂಬ ಹದಿನಾಲ್ಕು ವರ್ಷದ ಹುಡುಗಿ, ಹೆಣ್ಣನ್ನು ಹೀಯಾಳಿಸಿ ಗಂಡಸರು ಹಾಡಿದ ಹಾಡಿಗೆ ಉತ್ತರ ಕೊಟ್ಟು ಅವರ ಬಾಯಿ ಮುಚ್ಚಿಸಿದಳು. ಆಮೇಲೆ ಪಬ್ಲಿಕ್ ಎನಿಮಿ ಬಂತು. ಸೈರನ್ನು, ಭಾಷಣದ ತುಂಡು, ಗದ್ದಲ ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ ಹಾಡನ್ನು ಮೆರವಣಿಗೆಯಂತೆ ಕಟ್ಟಿದರು. 1988ರಲ್ಲಿ ಲಾಸ್ ಏಂಜಲೀಸ್ ಪಕ್ಕದ ಕಾಂಪ್ಟನ್‌ನಿಂದ ಎನ್.ಡಬ್ಲ್ಯು.ಎ. ಎಂಬ ಗುಂಪು ಪೊಲೀಸರ ವಿರುದ್ಧ ಹಾಡಿದಾಗ ಕೇಂದ್ರ ಪೊಲೀಸ್ ಸಂಸ್ಥೆಯ ಅಧಿಕಾರಿಯೊಬ್ಬ ಕಂಪನಿಗೆ ಪತ್ರ ಬರೆದ. ಹಾಡಿಗೆ ಪೊಲೀಸರು ಪತ್ರ ಬರೆಯುವುದೆಂದರೆ ಹಾಡು ತಲುಪಬೇಕಾದಲ್ಲಿ ತಲುಪಿದೆ ಎಂದೇ ಅರ್ಥ. ಆದರೆ ಅದೇ ಗುಂಪು ಹೆಂಗಸರ ಬಗ್ಗೆ ಆಡಿದ ಮಾತುಗಳನ್ನು ನಾವು ಕ್ಷಮಿಸುವುದಿಲ್ಲ. ತುಳಿತಕ್ಕೆ ಸಿಕ್ಕಿದವನು ಮನೆಗೆ ಬಂದು ಹೆಂಡತಿಯನ್ನು ತುಳಿದರೆ ಅದು ಬಂಡಾಯ ಅಲ್ಲ.

ಈಗಿನ ಹುಡುಗರು ಬೂಮ್-ಬ್ಯಾಪ್, ಟ್ರ್ಯಾಪ್, ಡ್ರಿಲ್ ಎಂದೆಲ್ಲ ಹೇಳುತ್ತಾರೆ. ಮೇಷ್ಟ್ರುಗಳು ಹೆದರಬೇಕಿಲ್ಲ. ಬೂಮ್-ಬ್ಯಾಪ್ ನ್ಯೂಯಾರ್ಕಿನ ಹಳೇ ನಡೆ, ಒಂದು ಭಾರದ ಪೆಟ್ಟು ಒಂದು ಟಪ್ಪೆನ್ನುವ ಪೆಟ್ಟು, ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಟ್ರ್ಯಾಪ್ ಅಟ್ಲಾಂಟಾದಿಂದ ಬಂದದ್ದು, ಕೆಳಗೆ ಗುಡುಗು, ಮೇಲೆ ಮಳೆ ಹನಿಯಂತೆ ಸಣ್ಣ ತಟ್ಟು. ಡ್ರಿಲ್ ಚಿಕಾಗೋದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದ ಕತ್ತಲ ದಾರಿಯ ನಡೆ. ಸಾವಿಗೆ ಬೇರೆ, ಮದುವೆಗೆ ಬೇರೆ, ದೇವರಿಗೆ ಬೇರೆ ಹೊಡೆತ ಎಂದು ತಮಟೆಯವರು ಗುರುತಿಸುತ್ತಾರಲ್ಲ, ಹಾಗೇ.

ಒಂದು ವಿಷಯದಲ್ಲಿ ಮಾತ್ರ ಚಾಂಪಿಯನ್ ರೀಫ್ಸ್‌ನವರು ಜಗತ್ತಿನ ಎಲ್ಲ ಕೇಳುಗರಿಗಿಂತ ಹೆಚ್ಚು ತಿಳಿದವರು. ಅದು ಬಂಗಾರದ ಸರ. ರನ್-ಡಿ.ಎಂ.ಸಿ. ಗುಂಪಿನವರು ಹಗ್ಗದಷ್ಟು ದಪ್ಪ ಸರ ಹಾಕಿಕೊಂಡು ನಿಂತರು. 1987ರಲ್ಲಿ ಬಂದ ಎರಿಕ್ ಬಿ. ಮತ್ತು ರಾಕಿಂ ಅವರ ಆಲ್ಬಮ್ಮಿನ ರಕ್ಷಾಪುಟದ ತುಂಬ ಚಿನ್ನ. ಕಳೆದುಕೊಂಡವನು ಸಿಕ್ಕಿದ ತಕ್ಷಣ ಮೈಮೇಲೆ ಹೇರಿಕೊಳ್ಳುತ್ತಾನೆ, ಅದು ನಮಗೆ ಅರ್ಥವಾಗುತ್ತದೆ. ಮಾಲೀಕನ ಕತ್ತಿನಲ್ಲಿದ್ದದ್ದು ನನ್ನ ಕತ್ತಿಗೆ ಬಂತು ನೋಡು ಎಂಬ ಸಿಟ್ಟು ಅದರಲ್ಲಿದೆ. ಆದರೆ ಚಾಂಪಿಯನ್ ರೀಫ್ಸ್‌ನ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಕಲ್ಲೇ ಸುಡುತ್ತದೆ, ಮೇಲಿನಿಂದ ತಂಪು ಗಾಳಿ ಇಳಿಸಬೇಕು. ಬಂಡೆ ಇದ್ದಕ್ಕಿದ್ದಂತೆ ಸಿಡಿದು ಜನ ಸತ್ತಿದ್ದಾರೆ, ಸಿಡಿಯದೆ ಉಳಿದವರು ಕಲ್ಲಿನ ಧೂಳು ಕುಡಿದು ಎದೆ ಕಲ್ಲಾಗಿ ಸತ್ತಿದ್ದಾರೆ. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಗೆ ಹೋಯಿತು ಎನ್ನುತ್ತಾರೆ. ಅಗೆದವರ ಮನೆಯ ಹೆಂಗಸರ ಕಿವಿಯಲ್ಲಿ ಒಂದು ಗುಂಜಿ ಇದ್ದರೆ ಹೆಚ್ಚು. ಈಗ ಅವರ ಮೊಮ್ಮಗ ಬಂಗಾರಪೇಟೆ ಸಂತೆಯಲ್ಲಿ ನೂರು ರೂಪಾಯಿಯ ಗಿಲೀಟು ಸರ ಕೊಂಡು, ಫೋನಿನ ಮುಂದೆ ನಿಂತು, ನಾನು ರ‍್ಯಾಪರ್ ಎನ್ನುತ್ತಾನೆ. ನಮಗೆ ನಗು ಬರಲಿಲ್ಲ. ತಮ್ಮಾ, ಸರ ಹಾಕ್ಕೋ, ಬೇಡ ಅನ್ನಲ್ಲ. ಆದರೆ ಅದು ಎಷ್ಟು ಅಡಿ ಕೆಳಗಿನಿಂದ ಬಂತು ಅಂತ ಹಾಡಿನಲ್ಲಿ ಹೇಳು. ನ್ಯೂಯಾರ್ಕಿನ ಯಾವ ರ‍್ಯಾಪರಿಗೂ ಅದು ಹೇಳಲು ಬರುವುದಿಲ್ಲ.

ಭಾರತಕ್ಕೆ ಇದು ಬಂದದ್ದು ಮೊದಲು ತಮಾಷೆಯಾಗಿ. 1990ರ ದಶಕದ ಆರಂಭದಲ್ಲಿ ಬಾಬಾ ಸೆಹಗಲ್ ಟಿ.ವಿ.ಯಲ್ಲಿ ತಣ್ಣೀರಿನ ಹಾಡು ಹಾಡಿದ. ಮುಂಬೈನ ಗಲ್ಲಿಗಳಿಂದ ಡಿವೈನ್, ನೇಜಿ 2015ರ ಹೊತ್ತಿಗೆ ಎದ್ದರು, 2019ರಲ್ಲಿ ಅವರ ಬದುಕಿನ ಎಳೆ ಹಿಡಿದು ಹಿಂದಿ ಸಿನಿಮಾ 'ಗಲ್ಲಿ ಬಾಯ್' ಬಂತು. ಬೆಂಗಳೂರಿನಲ್ಲಿ ಬ್ರೋಧ ವಿ ಇಂಗ್ಲಿಷಿನಲ್ಲಿ ಹೆಸರು ಮಾಡಿದರು. 2024ರಲ್ಲಿ ಹನುಮಾನ್‌ಕೈಂಡ್ ಅವರ ಹಾಡನ್ನು ಜಗತ್ತೇ ಕೇಳಿತು. ಕನ್ನಡದಲ್ಲಿ ಚಂದನ್ ಶೆಟ್ಟಿಯವರ ಪೆಗ್ಗಿನ ಹಾಡು ಮದುವೆ ಮನೆಗಳಲ್ಲಿ ಮೊಳಗಿತು. ಅದನ್ನು ಕುಡುಕರ ಹಾಡು ಎಂದು ಬೈಯುವುದು ಸುಲಭ. ನಾವು ಹೇಳುವುದು ಬೇರೆ: ಕನ್ನಡದ ಆಡುಮಾತು ಈ ತಾಳದ ಮೇಲೆ ಸಲೀಸಾಗಿ ಕೂರುತ್ತದೆ ಎಂದು ಆ ಹಾಡು ತೋರಿಸಿತು. ಕೂತ ಮೇಲೆ ಹೇಳಲು ಏನೂ ಇರಲಿಲ್ಲ, ಅದು ಅದರ ಕೊರತೆ. ಎಂ.ಸಿ. ಬಿಜ್ಜು, ರಾಹುಲ್ ಡಿಟ್ಟೊ, ಗುಬ್ಬಿ ಇವರನ್ನು ಕೇಳಿದರೆ ಬೀದಿಯ ಕನ್ನಡಕ್ಕೆ ಇರುವ ವರಸೆ ತಿಳಿಯುತ್ತದೆ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಆಡುಮಾತನ್ನು ಅಚ್ಚಿಗೆ ತಂದಾಗ ಮಡಿವಂತರು ಮೂಗು ಮುಚ್ಚಿಕೊಂಡರಲ್ಲ, ಆ ದಾರಿಯಲ್ಲೇ ಇದೂ ಬರಬೇಕು. ಇನ್ನೂ ಪೂರ್ತಿ ಬಂದಿಲ್ಲ.

ಪ್ರಾಸದ ಬಗ್ಗೆ ಒಂದು ಮಾತು. ಹಳೇ ಕನ್ನಡ ಕಾವ್ಯಕ್ಕೆ ಎರಡನೇ ಅಕ್ಷರದ ಪ್ರಾಸ ಬೇಡಿಯಂತೆ ಇತ್ತು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಕಳಚಿದರು ಎಂದು ಸಾಹಿತ್ಯ ಚರಿತ್ರೆಯವರು ಹೇಳುತ್ತಾರೆ. ಹಾಗೆ ಕಳಚಿ ಬರೆದ ಪದ್ಯದ ಹೆಸರು 'ಹೊಲೆಯನು ಯಾರು?' ಎಂಬುದನ್ನು ಯಾರೂ ಒತ್ತಿ ಹೇಳುವುದಿಲ್ಲ. ನವ್ಯರ ಕಾಲಕ್ಕೆ ಪ್ರಾಸ ಎಂದರೆ ಹಳ್ಳಿಗಮಾರತನ ಎಂದಾಯಿತು. ಈಗ ಕೇರಿಯ ಹುಡುಗರು ಪ್ರಾಸವನ್ನು ಮತ್ತೆ ತಂದಿದ್ದಾರೆ. ಬೇಡಿಯಾಗಿ ತಂದಿಲ್ಲ. ಸಾಲಿನ ಕೊನೆಗೆ ಒಂದು, ಸಾಲಿನ ಹೊಟ್ಟೆಯೊಳಗೆ ಎರಡು, ಎಲ್ಲಿ ಹೊಡೆದರೆ ಸದ್ದು ಬರುತ್ತದೋ ಅಲ್ಲಿ ಹೊಡೆಯುತ್ತಾರೆ. ಓದು ಬಾರದವರ ನೆನಪಿನಲ್ಲಿ ಹಾಡು ಉಳಿಯುವುದು ಪ್ರಾಸದಿಂದಲೇ ಎಂಬುದು ನಮ್ಮ ಜಾನಪದರಿಗೆ ಯಾವಾಗಲೋ ಗೊತ್ತಿತ್ತು.

ಇನ್ನು ದಲಿತ ಹುಡುಗರ ರ‍್ಯಾಪ್. ಒಡಿಶಾದ ಕೊರಾಪುಟ್ ಕಡೆಯಿಂದ ದೆಹಲಿಯ ವಿಶ್ವವಿದ್ಯಾಲಯಕ್ಕೆ ಓದಲು ಬಂದ ಸುಮೀತ್ ಸಾಮೋಸ್ ಜಾತಿಯ ಹೆಸರು ಹಿಡಿದೇ ಹಾಡಿದರು. ಕಾಳಹಂಡಿಯ ದುಲೇಶ್ವರ ತಾಂಡಿ 2020ರ ಲಾಕ್‌ಡೌನಿನಲ್ಲಿ, ನಡೆದು ಊರಿಗೆ ಹೊರಟ ವಲಸೆ ಕೂಲಿಗಳ ಬಗ್ಗೆ ಹಾಡಿದರು, ತಾವೂ ಅಂಥ ಕೂಲಿಯೇ ಆಗಿದ್ದವರು. ಕೇರಳದಲ್ಲೂ ಇದೇ ದನಿ ಎದ್ದಿದೆ. ಆದರೆ ಚಾಂಪಿಯನ್ ರೀಫ್ಸ್‌ಗೆ ತೀರಾ ಹತ್ತಿರದವನು ಅರಿವು.

ಅರಿವು ಅರಕ್ಕೋಣಂನವರು. ಅದು ಹಳೇ ಉತ್ತರ ಆರ್ಕಾಟ್ ಸೀಮೆ. ಚಿನ್ನದ ಗಣಿಗೆ ಕೂಲಿಗಳು ಬಂದದ್ದು ಹೆಚ್ಚಾಗಿ ಅದೇ ಸೀಮೆಯಿಂದ, ಮತ್ತೆ ಚಿತ್ತೂರು, ಸೇಲಂ ಕಡೆಯಿಂದ. ಒಡೆಯನ ಹೊಲದ ಜೀತ ಬಿಡಿಸಿಕೊಂಡು ಕೆಲವರು ಗಣಿಗೆ ಬಂದರು, ಕೆಲವರು ಸಿಂಹಳದ ಟೀ ತೋಟಗಳಿಗೆ ಹೋದರು. ಅರಿವು ಅವರ ಅಜ್ಜಿ ವಳ್ಳಿಯಮ್ಮಾಳ್ ಟೀ ತೋಟಕ್ಕೆ ಹೋಗಿ ಬರಿಗೈಯಲ್ಲಿ ವಾಪಸು ಬಂದವರು. ಆ ಅಜ್ಜಿಯ ಕಥೆ 2021ರ ಮಾರ್ಚಿನಲ್ಲಿ 'ಎಂಜಾಯ್ ಎಂಜಾಮಿ' ಎಂಬ ಹಾಡಾಯಿತು. ದೀ ಎಂಬ ಗಾಯಕಿಯೂ ಅರಿವೂ ಸೇರಿ ಹಾಡಿದರು. ಕೋಟಿಗಟ್ಟಲೆ ಜನ ಕೇಳಿದರು. ನೆಲ ಯಾರದು, ನೆಟ್ಟವರು ಯಾರು, ತಿಂದವರು ಯಾರು ಎಂಬ ಪ್ರಶ್ನೆಯನ್ನು ಒಪ್ಪಾರಿಯ ದನಿಯಲ್ಲಿ ಕುಣಿಯುವಂತೆ ಹೇಳಿದ ಹಾಡು ಅದು. ಅದೇ ವರ್ಷ ಆಗಸ್ಟಿನಲ್ಲಿ 'ರೋಲಿಂಗ್ ಸ್ಟೋನ್ ಇಂಡಿಯಾ' ಪತ್ರಿಕೆ ಆ ಹಾಡಿನ ಹೆಸರು ಹೇಳಿ ಮುಖಪುಟ ಮಾಡಿತು. ಮುಖಪುಟದಲ್ಲಿ ಅರಿವು ಇರಲಿಲ್ಲ. ಪ. ರಂಜಿತ್ ಮುಂತಾದವರು ಗಟ್ಟಿಯಾಗಿ ಕೇಳಿದ ಮೇಲೆ ಬೇರೊಂದು ಮುಖಪುಟ ಮಾಡಿದರು. 2022ರ ಚೆಸ್ ಒಲಿಂಪಿಯಾಡಿನ ವೇದಿಕೆಯಲ್ಲಿ ಅದೇ ಹಾಡು ಅವರಿಲ್ಲದೆ ನಡೆಯಿತು. 1979ರ ಕ್ಯಾಜ್‌ನ ಕಥೆ ಹೇಳಿದೆವಲ್ಲ, ಅದು ಇಲ್ಲಿಗೆ ಬಂತು. ಬ್ರಾಂಕ್ಸ್‌ನಲ್ಲಿ ಸಾಲು ಕದ್ದರು, ಇಲ್ಲಿ ಸಾಲು ಇಟ್ಟುಕೊಂಡು ಮುಖ ತೆಗೆದರು. ಜಾತಿಯ ಕೈಚಳಕ ಹೆಚ್ಚು ನಯವಾದದ್ದು.

ಅರಿವು ಮೊದಲು ಬೆಳಕಿಗೆ ಬಂದದ್ದು 'ಕಾಸ್ಟ್‌ಲೆಸ್ ಕಲೆಕ್ಟಿವ್' ಎಂಬ ಗುಂಪಿನಿಂದ. ರಂಜಿತ್ ಅವರ ನೀಲಂ ಸಂಸ್ಥೆ, ಸಂಗೀತಗಾರ ಟೆನ್ಮಾ ಸೇರಿ ಕಟ್ಟಿದ್ದು. 2018ರ ಜನವರಿಯಲ್ಲಿ ಚೆನ್ನೈನಲ್ಲಿ ಮೊದಲ ಬಾರಿ ವೇದಿಕೆ ಹತ್ತಿದರು. ಚೆನ್ನೈ ಕೇರಿಗಳ ಗಾನಾ, ಪರೈ, ಗಿಟಾರು, ರ‍್ಯಾಪ್ ಎಲ್ಲ ಒಟ್ಟಿಗೆ. ಸಾವಿನ ಮನೆಯಲ್ಲಿ ಗಂಡಸರಷ್ಟೇ ಹಾಡುತ್ತಿದ್ದ ಗಾನಾವನ್ನು ಅಲ್ಲಿ ಇಸೈವಾಣಿ ಹಾಡಿದರು. ಈ ಗುಂಪಿನ ಹೆಸರು ಎಲ್ಲಿಂದ ಬಂತು? 'ಜಾತಿ ಇಲ್ಲದ ತಮಿಳರು' ಎಂಬ ಪಂಡಿತ ಅಯೋತಿ ದಾಸರ ಮಾತಿನಿಂದ. ನಮ್ಮನ್ನು ಹಿಂದೂ ಎಂದು ಬರೆಯಬೇಡಿ, ನಾವು ಈ ನೆಲದ ಮೂಲದವರು ಎಂದು ಹತ್ತೊಂಬತ್ತನೇ ಶತಮಾನದ ಜನಗಣತಿಯ ಮುಂದೆ ಹಟ ಹಿಡಿದ ಬೌದ್ಧ ಚಿಂತಕ ಅವರು. 1907ರಲ್ಲಿ 'ಒರು ಪೈಸಾ ತಮಿಳನ್' ಎಂಬ ವಾರಪತ್ರಿಕೆ ತೆಗೆದರು.

ಇಲ್ಲಿಗೆ ಬಂದಾಗ ನಾವು ತಲೆ ತಗ್ಗಿಸಬೇಕು. ಯಾಕೆಂದರೆ ಅಯೋತಿ ದಾಸರ ಆ ಬೌದ್ಧ ಸಂಘಕ್ಕೆ ಮದರಾಸಿನ ಆಚೆ ಗಟ್ಟಿ ನೆಲೆ ಸಿಕ್ಕಿದ್ದು ನಮ್ಮ ಮಾರಿಕುಪ್ಪಂನಲ್ಲಿ, ಚಾಂಪಿಯನ್ ರೀಫ್ಸ್‌ನಲ್ಲಿ. ಗಣಿಯ ಕೂಲಿಗಳು ಕಾಸು ಕೂಡಿಸಿ ಬುದ್ಧ ವಿಹಾರ ಕಟ್ಟಿದರು, ಶಾಲೆ ನಡೆಸಿದರು. ಅವರ ಸಿದ್ಧಾರ್ಥ ಪುಸ್ತಕಶಾಲೆ ದಾಸರ ಬರಹಗಳನ್ನು ಅಚ್ಚು ಹಾಕಿತು. ದಾಸರು ಹೋದ ಮೇಲೆ ನಿಂತ 'ತಮಿಳನ್' ಪತ್ರಿಕೆಯನ್ನು ಪಂಡಿತ ಅಪ್ಪಾದುರೈ 1926ರಲ್ಲಿ ಈ ಗಣಿಯೂರಿನಿಂದಲೇ ಮತ್ತೆ ಹೊರಡಿಸಿದರು. ಗಣಿಯ ಕಂಪನಿ ಹೊಸದಾಗಿ ಬೆರಳಚ್ಚು ತೆಗೆಯಲು ಹೊರಟಾಗ, 1930ರಲ್ಲಿ, ಇವರು ಕೆಲಸ ನಿಲ್ಲಿಸಿ ನಿಂತರು. ದಲಿತ ಚಳವಳಿ ಕರ್ನಾಟಕದಲ್ಲಿ ಎಪ್ಪತ್ತರ ದಶಕದಲ್ಲಿ ಹುಟ್ಟಿತು ಎಂದು ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇವೆ. ಕೋಲಾರದಿಂದ ಮೂವತ್ತೇ ಕಿಲೋಮೀಟರಿನಲ್ಲಿ ಅದಕ್ಕೂ ಅರವತ್ತು ವರ್ಷ ಮೊದಲು ಕೂಲಿಗಳು ಪತ್ರಿಕೆ ಓದುತ್ತಿದ್ದರು. ಅವರು ಓದಿದ್ದು ತಮಿಳಿನಲ್ಲಿ. ಅದೊಂದೇ ಕಾರಣಕ್ಕೆ ನಮ್ಮ ಚರಿತ್ರೆಯಲ್ಲಿ ಅವರಿಗೆ ಒಂದು ಪುಟ ಸಿಗಲಿಲ್ಲ.

ಕೋಲಾರ ಹಾಡಿನ ಸೀಮೆ. ಕೋಟಿಗಾನಹಳ್ಳಿ ರಾಮಯ್ಯ, ಗೊಲ್ಲಹಳ್ಳಿ ಶಿವಪ್ರಸಾದ್, ಪಿಚ್ಚಳ್ಳಿ ಶ್ರೀನಿವಾಸ್ ಇಂಥವರ ಬರಹ, ದನಿಗಳಿಂದ ಇಡೀ ನಾಡಿನ ಕೇರಿಗಳು ಎದ್ದು ಕೂತಿವೆ. ಹೋರಾಟದ ಹಾಡಿಗೆ ತೆಲುಗಿನ ಮಾತೊಂದು ಬಂದು ಸೇರಿದರೆ ಕೋಲಾರದಲ್ಲಿ ಯಾರೂ ಹುಬ್ಬೇರಿಸಲಿಲ್ಲ, ಗದ್ದರ್ ಹಾಡನ್ನು ನಮ್ಮದೆಂದೇ ಹಾಡಿದೆವು. ಆದರೆ ನಾವು ಮಾಲೂರಿಗೆ ಹೋದೆವು, ಮುಳಬಾಗಿಲಿಗೆ ಹೋದೆವು. ಚಾಂಪಿಯನ್ ರೀಫ್ಸ್‌ನ ಲೈನುಗಳಿಗೆ ಎಷ್ಟು ಸಲ ಹೋದೆವು? 1982ರ ಗೋಕಾಕ್ ಚಳವಳಿಯಲ್ಲಿ ಕನ್ನಡ, ಕನ್ನಡ ಎಂದು ಕೂಗಿದ ನಮ್ಮಲ್ಲಿ ಎಷ್ಟು ಜನ ಆ ಲೈನುಗಳ ಮನೆಮಾತು ಯಾವುದು ಎಂದು ಯೋಚಿಸಿದೆವು? ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದಾಗ ಬೀದಿಗೆ ಬಿದ್ದವರನ್ನು ಕನ್ನಡದವರು ತಮಿಳರು ಎಂದರು, ತಮಿಳುನಾಡಿನವರು ಕರ್ನಾಟಕದವರು ಎಂದರು. ಮಲ ಹೊರುವುದು ಕಾನೂನಿನಲ್ಲಿ ನಿಂತು ಎಷ್ಟೋ ವರ್ಷವಾದ ಮೇಲೆ, 2011ರಲ್ಲಿ, ಆ ಊರಿನಲ್ಲಿ ಅದು ಇನ್ನೂ ನಡೆಯುತ್ತಿದೆ ಎಂದು ಬಯಲಾಯಿತು.

ಆ ಊರಿನ ಹೆಸರು ಮಾತ್ರ ಜಗತ್ತಿಗೆಲ್ಲ ಗೊತ್ತಿದೆ. 2018ರಲ್ಲೊಂದು, 2022ರಲ್ಲೊಂದು ಸಿನಿಮಾ ಬಂತು. ಸೈನೈಡ್ ದಿಬ್ಬಗಳ ಮೇಲೇ ಚಿತ್ರೀಕರಿಸಿದರು. ಮೂರು ಕೋಟಿ ಟನ್‌ಗೂ ಹೆಚ್ಚು ತೂಕದ ಆ ದಿಬ್ಬಗಳ ಧೂಳು ಗಾಳಿ ಬೀಸಿದಾಗ ಅಕ್ಕಪಕ್ಕದ ಮನೆಗಳ ಅನ್ನದ ತಟ್ಟೆಗೆ ಬೀಳುತ್ತದೆ. ಸಿನಿಮಾದಲ್ಲಿ ಅದು ನಾಯಕ ನಡೆದುಬರುವಾಗ ಹಿಂದೆ ಏಳುವ ಚಂದದ ಧೂಳು. ಜೀತದಾಳುಗಳು ಇದ್ದಾರೆ, ಆದರೆ ಅವರು ಕೈಯೆತ್ತಿ ಕೂಗಲು ಇರುವ ಗುಂಪು. ಜಾನ್ ಟೇಲರ್ ಕಂಪನಿ ಇಲ್ಲ, ಬುದ್ಧ ವಿಹಾರ ಇಲ್ಲ, 1930 ಇಲ್ಲ. ಬರುವವನೊಬ್ಬ ಹೊರಗಿನ ವೀರ. 2024ರ ಆಗಸ್ಟಿನಲ್ಲಿ ಬಂದ ರಂಜಿತ್‌ರ 'ತಂಗಲಾನ್' ಗೊಂದಲದ ಚಿತ್ರ, ಸದ್ದು ಜಾಸ್ತಿ, ಮಾಯಮಂತ್ರ ಜಾಸ್ತಿ. ಆದರೂ ಉತ್ತರ ಆರ್ಕಾಟಿನ ಒಂದು ಕೇರಿಯಿಂದ ಚಿನ್ನ ಹುಡುಕಲು ಹೊರಟವರಿಗೆ ಒಂದು ಹೆಸರು, ಒಂದು ನೆನಪು, ಒಂದು ಜಗಳ ಕೊಟ್ಟಿತು. ಆ ಕೆಲಸವನ್ನು ಕನ್ನಡದಲ್ಲಿ ನಾವು ಮಾಡಲಿಲ್ಲ.

ರೈಲಿನ ಆ ಹುಡುಗನ ಹತ್ತಿರ ನಾವು ಬಂಗಾರಪೇಟೆವರೆಗೂ ಮಾತಾಡಿದೆವು. ನಮ್ಮ ಹೋರಾಟದ ಹಾಡುಗಳ ಒಂದೆರಡು ಧಾಟಿ ಕೇಳಿಸಿದೆವು. ಅವನು ಮರ್ಯಾದೆಯಿಂದ ಕೇಳಿದ. ಆಮೇಲೆ, "ಅಣ್ಣಾ, ಚೆನ್ನಾಗೈತೆ. ಆದ್ರೆ ನೀವು ಯಾವಾಗ್ಲೂ 'ನಾವು, ನಾವು' ಅಂತೀರ. ನಮ್ ತಾತನ್ ಹೆಸ್ರು ಯಾವಾಗ್ ಬರುತ್ತೆ?" ಎಂದ. ನಮ್ಮಲ್ಲಿ ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ರ‍್ಯಾಪ್‌ನಲ್ಲಿ ಹಾಡುವವನು ತನ್ನ ಹೆಸರು, ತನ್ನ ಬೀದಿ, ತನ್ನ ಮನೆ ನಂಬರು ಹೇಳಿಯೇ ಮುಂದೆ ಹೋಗುತ್ತಾನೆ. ಅದು ಜಂಬ ಎಂದು ನಾವು ತಿಳಿದಿದ್ದೆವು. ಹಾಜರಿ ಪುಸ್ತಕದಲ್ಲಿ ನಂಬರಾಗಿ, ಬೆರಳಚ್ಚಾಗಿ ಇದ್ದವರ ಮೊಮ್ಮಗನಿಗೆ ಅದು ಜಂಬವಲ್ಲ.

ಅವನಿಗೆ ಇನ್ನೊಂದು ತೊಡಕಿತ್ತು. "ಕನ್ನಡದಲ್ಲಿ ಹಾಡಿದ್ರೆ ಮನೇಲಿ ಅಜ್ಜಿಗೆ ಗೊತ್ತಾಗಲ್ಲ. ತಮಿಳಲ್ಲಿ ಹಾಡಿದ್ರೆ ಬೆಂಗ್ಳೂರಲ್ಲಿ ಬೈತಾರೆ. ಇಂಗ್ಲಿಷಲ್ಲಿ ನಂಗೇ ಬರಲ್ಲ," ಎಂದು ನಕ್ಕ. ಮೂರನ್ನೂ ಬೆರೆಸಿ ಹಾಡು ತಮ್ಮಾ ಎಂದೆವು. ಬೆರೆಸಿದ್ದನ್ನು ಅಚ್ಚು ಹಾಕುತ್ತೀರಾ ಎಂದು ಕೇಳಿದ. ಹಾಕುತ್ತೇವೆ ಎಂದು ಮಾತು ಕೊಟ್ಟು ಬಂದಿದ್ದೇವೆ. ಮೂರು ಭಾಷೆಯೂ ಕನ್ನಡ ಲಿಪಿಯಲ್ಲಿ ಬರುತ್ತದೆ, ಓದುಗರು ಬಾಯಿಬಿಟ್ಟು ಓದಿಕೊಳ್ಳಬೇಕು. ಮೇಷ್ಟ್ರುಗಳು ತರಗತಿಯಲ್ಲಿ ಮೇಜು ಬಡಿದು ಓದಿಸಿದರೆ ಇನ್ನೂ ಒಳ್ಳೆಯದು.

ಬಂಗಾರಪೇಟೆಯಲ್ಲಿ ನಾವು ಇಳಿದೆವು. ಅವನಿಗೆ ಒಂಬತ್ತು ಗಂಟೆಗೆ ವೈಟ್‌ಫೀಲ್ಡಿನಲ್ಲಿ ಡ್ಯೂಟಿ ಇತ್ತು.